ಬಾಯಿಬಿಟ್ಟು ಹೇಳಬಾರದ ಹೆಸರು

ದಬ್ಬೇಘಟ್ಟದ ಸುವರ್ಣಮ್ಮ ತೋಟವನ್ನು ತೋಟ ಎನ್ನುತ್ತಿರಲಿಲ್ಲ. ಎತ್ತ ತಿರುಗಿದರೂ ತೆಂಗಿನ ತೋಟವೇ ಕಾಣುವ ಸೀಮೆಯಲ್ಲಿ ಇದೇನು ಸುಲಭದ ಮಾತಲ್ಲ. ‘ಗಿಡದ ತಾವ ಹೋಗಿದ್ದೆ’ ಎನ್ನುವಳು, ‘ಗಿಡದ ತಾವ ನೀರು ಬಿಟ್ಟವ್ರೆ’ ಎನ್ನುವಳು. ಹೊಸದಾಗಿ ಬಂದ ಆಳುಗಳು ಯಾವ ಗಿಡ, ಎಲ್ಲಿಯ ಗಿಡ ಎಂದು ತಿಳಿಯದೆ ಹಿತ್ತಿಲಿನ ನುಗ್ಗೆ ಗಿಡದ ಬುಡಕ್ಕೆ ಹೋಗಿ ನಿಂತದ್ದೂ ಉಂಟು. ಕಾರಣ ಇಷ್ಟೇ: ಅವಳ ಗಂಡನ ಹೆಸರು ತೋಂಟದಾರ್ಯ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಹೇಳಿದ್ದಳು; ಆ ತಾಯಿಗೆ ಅವಳ ತಾಯಿ ಹೇಳಿದ್ದಳು. ಸುವರ್ಣಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಹೆಸರಿನ ಹತ್ತಿರ ಸುಳಿಯುವ ಮಾತನ್ನೂ ಬಿಟ್ಟಿದ್ದಳು.

ಮದುವೆಯಾಗಿ ಗಂಡನ ಮನೆಗೆ ಬಂದ ದಿನ ಹೆಂಗಸರೆಲ್ಲ ಹೊಸಿಲಿಗೆ ಅಡ್ಡ ನಿಂತು, ‘ಗಂಡನ ಹೆಸರು ಹೇಳಿ ಒಳಕ್ಕೆ ಬಾ’ ಎಂದು ಕಾಡಿದ್ದರು. ಆವತ್ತೊಂದು ದಿನ ಹೇಳಿದರೆ ದೋಷವಿಲ್ಲ ಎಂದು ಹಿರಿಯರೂ ಅಂದರು. ಹದಿನಾರರ ಹುಡುಗಿ ಹೇಳಲಾರದೆ ಗೊಳೋ ಎಂದು ಅತ್ತುಬಿಟ್ಟಳು. ಪಕ್ಕದಲ್ಲಿ ನಿಂತಿದ್ದ ಮದುಮಗನೇ ಕೊನೆಗೆ, “ಬುಡ್ರವ್ವ, ಅವಳು ಹೇಳೋದೇನೂ ಬ್ಯಾಡ. ನನ್ನ ಹೆಸರು ನಂಗೆ ಗೊತ್ತೈತೆ” ಎಂದು ನಗಿಸಿ ಅವಳನ್ನು ಒಳಕ್ಕೆ ಕರೆದುಕೊಂಡಿದ್ದ. ತೋಂಟದಾರ್ಯ ಅಂಥ ಮನುಷ್ಯ. ಮಾತಿಗೆ ಮಾತು ಅವನ ತುಟಿಯ ಮೇಲೇ ಇರುತ್ತಿತ್ತು.

ಅವಳ ಭಯಕ್ಕೆ ಊರಿನಲ್ಲೇ ಸಾಕ್ಷಿಯೂ ಸಿಕ್ಕಿತ್ತು. ಮೂರನೇ ಮನೆಯ ಚಿಕ್ಕಗೌರಮ್ಮ ರೇಷನ್ ಕಾರ್ಡಿಗೆಂದು ಹೋದಾಗ ಬರೆದುಕೊಳ್ಳುವವನು ಗದರಿಸಿದನೆಂದು ಗಂಡನ ಹೆಸರು ಹೇಳಿಬಿಟ್ಟಳು. ನಾಲ್ಕು ತಿಂಗಳೊಳಗೆ ಅವಳ ಗಂಡ ಮರದಿಂದ ಬಿದ್ದು ಸತ್ತ. ಆ ದಿನ ಅವನು ಹೊಟ್ಟೆ ತುಂಬ ಕುಡಿದು ಮರ ಹತ್ತಿದ್ದ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ರೇಷನ್ ಕಾರ್ಡನ್ನೇ ಹಿಡಿದರು.

ತೋಂಟದಾರ್ಯ ತಿಪಟೂರಿನ ಎಣ್ಣೆ ಮಿಲ್ಲಿನಲ್ಲಿ ಮೆಕ್ಯಾನಿಕ್ಕಾಗಿದ್ದ. ಗಾಣದ ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವವನು. ಮಿಲ್ಲಿನ ಶೇಠರ ನೆಂಟರೊಬ್ಬರು ಥಾಯ್ಲೆಂಡಿನಲ್ಲಿ, ಬ್ಯಾಂಕಾಕಿಗೆ ಹತ್ತಿರ, ಕೊಬ್ಬರಿ ಎಣ್ಣೆಯ ಮಿಲ್ಲು ಹಾಕಿದಾಗ ಅವನನ್ನು ಕರೆಸಿಕೊಂಡರು. ‘ಮೂರು ವರ್ಷ ಕಣೇ, ಕಣ್ಮುಚ್ಚಿ ಬಿಡೋದರೊಳಗೆ ಮುಗಿದೋಯ್ತದೆ’ ಎಂದು ಹೇಳಿ ಎಂಬತ್ತರಲ್ಲಿ ಹೋದ. ತಿಂಗಳಿಗೊಂದು ಕಾಗದ ಬರುತ್ತಿತ್ತು. ಅಲ್ಲಿಯೂ ತೆಂಗು, ಅಲ್ಲಿಯೂ ಎಳನೀರು, ಆದರೆ ಮರ ಹತ್ತಿ ಕಾಯಿ ಕೆಡವುವುದು ಮನುಷ್ಯರಲ್ಲ, ಕೋತಿ ಎಂದು ಬರೆದಿದ್ದ. ಅವನ ತಾಯಿ ದ್ರಾಕ್ಷಾಯಣಮ್ಮ ಅದನ್ನು ನಂಬಲಿಲ್ಲ. ಅವನು ಹಾಗೆಯೇ, ಕೋತಿ ಕಥೆ ಹೇಳ್ತಾನೆ ಎಂದಳು.

ಎಂಬತ್ತಮೂರರ ಮಾರ್ಚಿನಲ್ಲಿ ಮಿಲ್ಲಿನ ಮ್ಯಾನೇಜರರ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ತುರುವೇಕೆರೆಯಲ್ಲಿ ಸ್ಕೂಲು ಮೇಷ್ಟರಾಗಿದ್ದ ಮೈದುನ ಬೆಟ್ಟಸ್ವಾಮಿ ಅದನ್ನು ಒಮ್ಮೆ ತನ್ನಷ್ಟಕ್ಕೆ ಓದಿಕೊಂಡು, ಮತ್ತೊಮ್ಮೆ ಓದಿಕೊಂಡು, ಆಮೇಲೆ ಹೇಳಿದ. ಅಣ್ಣ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದಿದೆ. ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದ್ದಾರೆ, ಅದು ಕೂಡುತ್ತದೆ. ಆದರೆ ಇಪ್ಪತ್ತು ದಿನದಿಂದ ಅವನು ಒಂದು ಮಾತೂ ಆಡಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ, ಸರಿಯಾಗಿ ತಿನ್ನುತ್ತಿಲ್ಲ. ತಲೆಗೆ ಏಟಾಗಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದೂ ಹೇಳುತ್ತಾರೆ. ಹೆಂಡತಿ ಬಂದು ಕರೆದುಕೊಂಡು ಹೋಗುವುದಾದರೆ ಅವಳ ಟಿಕೆಟ್ಟು ಮಿಲ್ಲಿನದು.

ಮಾತನ್ನೇ ಉಂಡು ಬದುಕಿದ್ದವನು ಮಾತು ಬಿಟ್ಟನೆಂದರೆ ಏನರ್ಥ? ಸುವರ್ಣಮ್ಮ ಕಂಬಕ್ಕೆ ಒರಗಿ ಕೂತಳು. ದ್ರಾಕ್ಷಾಯಣಮ್ಮ ಅಳಲಿಲ್ಲ. “ನೀನೇ ಹೋಗಬೇಕು ಕಣಮ್ಮಿ. ಇವನು ಹೋದ್ರೆ ತಮ್ಮ ಬಂದ ಅಂತ ಇನ್ನೂ ಬಿಗುವಾಗ್ತಾನೆ. ಹೋಗಿ ಎಬ್ಬಿಸ್ಕೊಂಡು ಬಾ” ಎಂದಳು. ಸುವರ್ಣಮ್ಮ ಅಲ್ಲಿಯವರೆಗೆ ಹೋಗಿದ್ದ ದೂರದ ಊರೆಂದರೆ ಧರ್ಮಸ್ಥಳ, ಅದೂ ಊರವರ ಬಸ್ಸಿನಲ್ಲಿ.

ಅಲ್ಲಿಂದ ಕಾಗದದ ಕಾಟ ಶುರುವಾಯಿತು. ಸರ್ಕಾರಕ್ಕೆ ಮನುಷ್ಯರನ್ನು ನೋಡಿದರೆ ನಂಬಿಕೆ ಬರುವುದಿಲ್ಲ, ಕಾಗದ ನೋಡಿದರೆ ಬರುತ್ತದೆ. ಆ ಕಾಗದವನ್ನು ನಂಬುವುದಕ್ಕೆ ಇನ್ನೊಂದು ಕಾಗದ ಬೇಕಾಗುತ್ತದೆ. ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖು ಬೇಕು ಎಂದರು. ಸುವರ್ಣಮ್ಮ ಹುಟ್ಟಿದ್ದು ಮಾಯಸಂದ್ರದ ತವರುಮನೆಯಲ್ಲಿ, ಹುರುಳಿ ಕಟಾವಿನ ಕಾಲದಲ್ಲಿ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಸ್ಕೂಲಿಗೆ ಹೋಗಿ ದಾಖಲೆ ತೆಗೆಸಿದರು. ಫೋಟೋ ಹಿಡಿಸಿದರೆ, ಸೆರಗು ಕಿವಿ ಮುಚ್ಚಿದೆ ಎಂದು ವಾಪಸ್ಸು ಬಂತು, ಇನ್ನೊಂದು ಹಿಡಿಸಿದರು. ಮದುವೆಯಾಗಿದೆ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ಹದಿನಾಲ್ಕು ವರ್ಷದಿಂದ ಅದೇ ಮನೆಯ ಕಸ ಗುಡಿಸಿ, ಮಗಳನ್ನು ಹೆತ್ತು, ಅತ್ತೆಯ ಕಾಲು ಒತ್ತಿದವಳಿಗೆ ಸಾಕ್ಷಿ! ಲಗ್ನಪತ್ರಿಕೆ ಹುಡುಕಿದರೆ ಮನೆಯಲ್ಲಿದ್ದದ್ದು ಗೆದ್ದಲು ಪಾಲಾಗಿತ್ತು. ಕೊನೆಗೆ ತವರಿನಲ್ಲಿ ದೇವರ ಪಟದ ಹಿಂದಿನ ರಟ್ಟಿಗೆ ಅಂಟಿಸಿದ್ದ ಪತ್ರಿಕೆ ಸಿಕ್ಕಿತು. ಅದನ್ನು ಹುಷಾರಾಗಿ ಬಿಡಿಸಿ, ತುಮಕೂರಿಗೆ ಒಯ್ದು, ಕೋರ್ಟಿನ ಮರದ ಕೆಳಗೆ ಟೈಪ್ ಮಾಡುವವನ ಕೈಯಲ್ಲಿ ಪ್ರಮಾಣಪತ್ರ ಹೊಡೆಸಿದರು.

ಎಲ್ಲ ಕಡೆಯೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಗಂಡನ ಹೆಸರು? ಆದರೆ ಉತ್ತರ ಅವಳ ಬಾಯಿಂದ ಬರಬೇಕಾದ ಪ್ರಸಂಗ ಎಲ್ಲಿಯೂ ಬರಲಿಲ್ಲ. ಟೈಪ್ ಮಾಡುವವನಿಗೆ ಬೆಟ್ಟಸ್ವಾಮಿ ಹೇಳಿದ. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವನಿಗೆ ದ್ರಾಕ್ಷಾಯಣಮ್ಮ ಹೇಳಿದಳು. “ಅವಳನ್ನೇನು ಕೇಳ್ತೀಯಪ್ಪ, ಹೆತ್ತೋಳು ನಾನು, ಹೆಸರಿಟ್ಟೋಳು ನಾನು, ನನ್ನ ಕೇಳು” ಎಂದು ಗದರಿಸಿ ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಳು. ಬೆಂಗಳೂರಿನ ಕಚೇರಿಯಲ್ಲಿ ಸುವರ್ಣಮ್ಮ ತೋರಿಸಿದ ಕಡೆ ಸೈನು ಮಾಡಿದಳು, ಅಷ್ಟೆ. ಬೆಂಚಿನ ಮೇಲೆ ಕೂತಳು, ಎದ್ದಳು, ಇನ್ನೊಂದು ಬೆಂಚಿನ ಮೇಲೆ ಕೂತಳು. ಬಸ್ಸಿನಲ್ಲಿ ಬೆಂಗಳೂರಿಗೆ ಐದು ಸಲ ಹೋಗಿ ಬಂದದ್ದಾಯಿತು. ಪ್ರತಿ ಸಲ ಸಂಜೆ ಮನೆಗೆ ಬಂದಾಗ ಮಗಳು ಗಿರಿಜಾಂಬಿಕಾ ‘ಆಯ್ತೇನವ್ವ?’ ಎಂದು ಕೇಳುವಳು. ಇನ್ನೊಂದು ಕಾಗದ ಬೇಕಂತೆ ಎಂದು ಹೇಳಿ ಸುವರ್ಣಮ್ಮ ಕಾಲು ತೊಳೆಯಲು ಹಿತ್ತಿಲಿಗೆ ಹೋಗುವಳು. ಅಷ್ಟು ಸುಸ್ತು ಅವಳಿಗೆ ರಾಗಿ ಕೊಯ್ಲಿನಲ್ಲೂ ಆಗಿರಲಿಲ್ಲ.

ಪಾಸ್‌ಪೋರ್ಟು ಬರುವಷ್ಟರಲ್ಲಿ ಮೇ ತಿಂಗಳು. ಮ್ಯಾನೇಜರರಿಂದ ಇನ್ನೊಂದು ಕಾಗದ ಬಂದಿತ್ತು: ಹಾಗೇ ಇದ್ದಾನೆ, ಬೇಗ ಬನ್ನಿ. ಸುವರ್ಣಮ್ಮನ ಮುಖ ಆ ಎರಡು ತಿಂಗಳಲ್ಲಿ ಅರ್ಧವಾಗಿತ್ತು. ಪಾಸ್‌ಪೋರ್ಟಿನಲ್ಲಿದ್ದ ದುಂಡು ಮುಖದ ಹೆಂಗಸನ್ನು ನೋಡಿ ಗಿರಿಜಾಂಬಿಕಾ, “ಇದು ಯಾರವ್ವ?” ಎಂದೇ ಕೇಳಿದಳು.

ವೀಸಾ ಎಂಬ ಇನ್ನೊಂದು ಮುದ್ರೆ ಬಾಕಿ ಇತ್ತು. ಅದಕ್ಕೆ ಕಲ್ಕತ್ತೆಗೇ ಹೋಗಬೇಕು, ವಿಮಾನವೂ ಅಲ್ಲಿಂದಲೇ. ತಿಪಟೂರಿನಿಂದ ಬೆಂಗಳೂರು, ಬೆಂಗಳೂರಿನಿಂದ ಮದ್ರಾಸು, ಮದ್ರಾಸಿನಿಂದ ಹೌರಾ. ರೈಲಿನಲ್ಲಿ ಎಷ್ಟು ದಿನ ಕಳೆಯಿತೆಂಬ ಲೆಕ್ಕ ತಪ್ಪಿತು. ಸುವರ್ಣಮ್ಮ ಕೊರಳಲ್ಲಿ ಲಿಂಗದ ಕರಡಿಗೆ ಇದ್ದವಳು. ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ಬಾಯಿಗೆ ತುತ್ತು ಹಾಕುವವಳಲ್ಲ. ರೈಲಿನ ನಲ್ಲಿಯಲ್ಲಿ ನೀರು ಬಂದ ದಿನ ಉಂಡಳು, ಬಾರದ ದಿನ ಇಲ್ಲ. ಬೆಟ್ಟಸ್ವಾಮಿ ಪ್ರತಿ ದೊಡ್ಡ ಸ್ಟೇಷನ್ನಿನಲ್ಲೂ ಇಳಿದು ಬಾಳೆಹಣ್ಣು ತರುವನು. “ಅತ್ತಿಗೆ, ಹಣ್ಣಾದರೂ ತಿನ್ನಿ. ದಾರೀಲಿ ಶಿವ ಏನೂ ಕೇಳಲ್ಲ.” “ಕೇಳ್ದಿದ್ರೂ ನಂಗೊತ್ತಾಗ್ತದಲ್ಲ ಕಣಪ್ಪ” ಎಂದು ಅವಳು ಹಣ್ಣನ್ನು ಮಡಿಲಲ್ಲಿ ಇಟ್ಟುಕೊಳ್ಳುವಳು.

ಕಲ್ಕತ್ತೆಯಲ್ಲಿ ಧರ್ಮಶಾಲೆಯೊಂದರಲ್ಲಿ ಇಳಿದರು. ಥಾಯ್ಲೆಂಡಿನ ಕಾನ್ಸುಲೇಟಿನಲ್ಲಿ ಅರ್ಜಿ, ಎರಡು ಫೋಟೋ, ಟಿಕೆಟ್ಟು, ಮಿಲ್ಲಿನ ಕಾಗದ, ಆಸ್ಪತ್ರೆಯ ಕಾಗದ ಎಲ್ಲ ಕೊಟ್ಟದ್ದಾಯಿತು. ಕಿಟಕಿಯ ಹಿಂದಿನವನು ‘ಹಸ್‌ಬೆಂಡ್ ನೇಮ್?’ ಎಂದ, ಬೆಟ್ಟಸ್ವಾಮಿ ಹೇಳಿದ. ಆ ಎರಡು ಇಂಗ್ಲಿಷ್ ಪದ ಆಗಲೇ ಸುವರ್ಣಮ್ಮನಿಗೆ ಬಾಯಿಪಾಠವಾಗಿತ್ತು. ಮೂರು ದಿನ ಬಿಟ್ಟು ಬನ್ನಿ ಎಂದರು, ಹಾಗೇ ಕೊಟ್ಟರು. ವೀಸಾದ ಮುದ್ರೆಯಲ್ಲಿ ಗರುಡನ ಚಿತ್ರ ಕಂಡು ಅವಳಿಗೆ ಒಂದಿಷ್ಟು ಧೈರ್ಯ ಬಂತು. ನಮ್ಮ ದೇವರಲ್ಲದಿದ್ದರೂ ಗುರುತಿನವನು ಎಂದುಕೊಂಡಳು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಬೆಟ್ಟಸ್ವಾಮಿಯನ್ನು ತಡೆದರು. ಅಲ್ಲಿಂದ ಮುಂದೆ ಟಿಕೆಟ್ಟು ಇದ್ದವರಿಗೆ ಮಾತ್ರ. ಅವನು ಎರಡು ಬಾಳೆಹಣ್ಣನ್ನು ಅವಳ ಮಡಿಲಿಗೆ ಹಾಕಿ, ನೋಟ್‌ಬುಕ್ಕಿನ ಹಾಳೆಯೊಂದನ್ನು ಕೈಗೆ ಕೊಟ್ಟ. ಅವಳ ಹೆಸರು, ಪಾಸ್‌ಪೋರ್ಟಿನ ನಂಬರು, ಆಸ್ಪತ್ರೆಯ ವಿಳಾಸ, ಮಿಲ್ಲಿನ ಫೋನು, ಅಣ್ಣನ ಹೆಸರು ಎಲ್ಲವನ್ನೂ ದುಂಡಗೆ ಬರೆದಿದ್ದ.

“ಯಾರು ಏನು ಕೇಳಿದ್ರೂ ಇದನ್ನ ತೋರಿಸಿ ಅತ್ತಿಗೆ. ಮಾತಾಡೋದೇ ಬ್ಯಾಡ.”

“ಆಯ್ತು ಬುಡಪ್ಪ.”

“ಭಯ ಪಡಬೇಡಿ.”

“ಭಯ ಪಡಕ್ಕೂ ತ್ರಾಣ ಬೇಕಲ್ಲ ಕಣಪ್ಪ” ಎಂದು ಅವಳು ಒಳಗೆ ಹೋದಳು.

ವಿಮಾನದಲ್ಲಿ ಕೊಟ್ಟ ಊಟದ ತಟ್ಟೆಯನ್ನು ಅವಳು ಮುಟ್ಟಲಿಲ್ಲ. ಬೆಳಗಿನಿಂದ ಸ್ನಾನವಿರಲಿಲ್ಲ, ಪೂಜೆಯಿರಲಿಲ್ಲ, ತಟ್ಟೆಯಲ್ಲಿದ್ದದ್ದು ಏನೆಂದೂ ತಿಳಿದಿರಲಿಲ್ಲ. ಆಮೇಲೆ ಒಂದು ಚೀಟಿ ಕೊಟ್ಟರು. ಆ ದೇಶಕ್ಕೆ ಇಳಿಯುವವರು ಯಾರು, ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ತುಂಬಬೇಕಾದ ಚೀಟಿ. ಪಕ್ಕದಲ್ಲಿದ್ದ ಪೇಟದ ಸರದಾರ್ಜಿ, ಬ್ಯಾಂಕಾಕಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ಅವಳ ಹಾಳೆ ನೋಡಿಕೊಂಡು ತಾವೇ ತುಂಬಿಕೊಟ್ಟರು. ಅಲ್ಲಿಯೂ ಹೆಸರು ಅವಳ ಬಾಯಿಗೆ ಬರಲಿಲ್ಲ. ಇನ್ನೇನು, ಗೆದ್ದೆ ಎಂದುಕೊಂಡಳು ಸುವರ್ಣಮ್ಮ. ಹೆಣ್ಣಿಗೆ ಗೆದ್ದೆ ಎನಿಸಿದಾಗಲೇ ಏನಾದರೊಂದು ಬಂದು ವಕ್ಕರಿಸುವುದು.

ಬ್ಯಾಂಕಾಕಿನಲ್ಲಿ ಇಳಿದಾಗ ಮಧ್ಯಾಹ್ನ. ಉದ್ದನೆಯ ಸಾಲು. ಸರದಾರ್ಜಿ ಬೇರೆ ಸಾಲಿಗೆ ಹೋದರು. ಸುವರ್ಣಮ್ಮನ ಸರದಿ ಬಂದಾಗ ಕೌಂಟರಿನ ಅಧಿಕಾರಿ, ಇನ್ನೂ ಚಿಕ್ಕ ವಯಸ್ಸಿನವನು, ಪಾಸ್‌ಪೋರ್ಟಿನ ಫೋಟೋ ನೋಡಿದ, ಅವಳ ಮುಖ ನೋಡಿದ. ಮತ್ತೆ ಫೋಟೋ ನೋಡಿದ. ದುಂಡು ಮುಖವೊಂದು, ಎಲುಬಿನ ಮುಖವೊಂದು. ಅವನ ತಪ್ಪೇನೂ ಇಲ್ಲ. ಹೆತ್ತ ಮಗಳೇ ಗುರುತಿಸಿರಲಿಲ್ಲ.

“ಹಸ್‌ಬೆಂಡ್ ನೇಮ್?” ಎಂದ.

ಅವಳು ಹಾಳೆ ತೋರಿಸಿದಳು. ಅವನು ಅದನ್ನು ನೋಡದೆ ಪಕ್ಕಕ್ಕೆ ಸರಿಸಿ, ಅವಳ ಬಾಯಿಯ ಕಡೆ ಬೆರಳು ಮಾಡಿದ: ನೀನು ಹೇಳು. ಅವಳು ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರಿರುವ ಪುಟದ ಕಡೆ ಕೈ ತೋರಿದಳು. ಅವನು ಪುಟದ ಮೇಲೆ ಅಂಗೈ ಮುಚ್ಚಿದ. ಮತ್ತೆ ಅದೇ ಎರಡು ಪದ. ಸುವರ್ಣಮ್ಮ ತಲೆ ತಗ್ಗಿಸಿ ನಿಂತಳು. ಹಿಂದಿನವರು ಗೊಣಗತೊಡಗಿದರು. ಫೋಟೋದ ಹಾಗೆ ಕಾಣದ, ಗಂಡನ ಹೆಸರು ಹೇಳಲು ಬಾರದ ಹೆಂಗಸು! ಹದಿನಾಲ್ಕು ವರ್ಷ ಪತಿವ್ರತೆಯ ಗುಣ ಎನಿಸಿಕೊಂಡದ್ದು ಆ ಕೌಂಟರಿನಲ್ಲಿ ಕಳ್ಳತನದ ಗುರುತಾಯಿತು.

ಅವಳನ್ನು ಒಂದು ಕೋಣೆಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದರು. ಸಮವಸ್ತ್ರದ ಹೆಂಗಸೊಬ್ಬಳು ಬಂದು ಅದೇ ಪ್ರಶ್ನೆ ಕೇಳಿದಳು, ಮೆಲ್ಲಗೆ ಕೇಳಿದಳು, ನೀರು ಕೊಟ್ಟು ಕೇಳಿದಳು. ಸುವರ್ಣಮ್ಮನ ಕಣ್ಣಿನಲ್ಲಿ ನೀರು ಬಂತೇ ಹೊರತು ಬಾಯಿಂದ ಹೆಸರು ಬರಲಿಲ್ಲ. ಗಡಿಯಾರದ ಮುಳ್ಳು ಒಂದು ಸುತ್ತು ಬಂತು. ಹೊರಗೆ ಎಲ್ಲೋ ಮಿಲ್ಲಿನ ಡ್ರೈವರ್ ಕಾಯುತ್ತಿರುತ್ತಾನೆ. ಎಷ್ಟು ಹೊತ್ತು ಕಾಯುತ್ತಾನೆ, ಹೋದರೂ ಹೋಗಬಹುದು. ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಮುದ್ರೆ ಒತ್ತುವವರ ಮೇಲೆ, ಹಾಳೆ ಕೊಟ್ಟು ಮಾತಾಡಬೇಡ ಎಂದ ಬೆಟ್ಟಸ್ವಾಮಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಏಣಿ ಹತ್ತಿ ಬಿದ್ದ ಆ ಮಾರಾಯನ ಮೇಲೆ. ಊರಿನಲ್ಲಿಲ್ಲದ ಯಾವ ಯಂತ್ರ ಇಲ್ಲಿತ್ತು ಅವನಿಗೆ?

ಅಷ್ಟರಲ್ಲಿ ಆ ಹೆಂಗಸು ಕಸ ಗುಡಿಸುವ ಮುದುಕನೊಬ್ಬನನ್ನು ಕರೆತಂದಳು. ಬಿಳಿ ಮೀಸೆ, ಕೈಯಲ್ಲಿ ಪೊರಕೆ. ಗೋರಖ್‌ಪುರದ ಕಡೆಯವನು, ನಲವತ್ತು ವರ್ಷದ ಹಿಂದೆ ಬಂದು ಇಲ್ಲೇ ಉಳಿದವನು. ಅವನು ಹಿಂದಿಯಲ್ಲಿ ಮಾತಾಡಿಸಿದ. ತಿಪಟೂರಿನ ಮಂಡಿಯ ಹಮಾಲಿಗಳಾಡುವ ಉರ್ದು ಕೇಳಿ ಗೊತ್ತಿದ್ದ ಸುವರ್ಣಮ್ಮನಿಗೆ ಅರ್ಧ ತಿಳಿಯಿತು. ಅರ್ಧ ಕೈಸನ್ನೆಯಲ್ಲಿ ತಿಳಿಯಿತು. ತನ್ನ ಕಷ್ಟವನ್ನು ಅವಳೂ ಹಾಗೆಯೇ ಹೇಳಿದಳು: ಹೆಸರು ಗೊತ್ತು, ಹೇಳಬಾರದು, ಹೇಳಿದರೆ ಅವರ ಜೀವಕ್ಕೆ ಕೆಟ್ಟದ್ದು, ಮೊದಲೇ ಆಸ್ಪತ್ರೆಯಲ್ಲಿದ್ದಾರೆ.

ಮುದುಕ ಪೊರಕೆ ಗೋಡೆಗೆ ಒರಗಿಸಿ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಆ ಹೆಂಗಸಿಗೆ ಅವರ ಭಾಷೆಯಲ್ಲಿ ಏನೋ ವಿವರಿಸಿದ. ಅವಳು ನಗಲಿಲ್ಲ, ಆದರೆ ತಲೆ ಅಲ್ಲಾಡಿಸಿದಳು. ಮುದುಕ ಸುವರ್ಣಮ್ಮನ ಕಡೆ ತಿರುಗಿ ಹೇಳಿದ: ಹೋದ ತಿಂಗಳು ಒಬ್ಬಳು ಬೇರೆಯವಳ ಪಾಸ್‌ಪೋರ್ಟಿನಲ್ಲಿ ಬಂದಿದ್ದಳಂತೆ. ಅದಕ್ಕೇ ಇಷ್ಟು ಬಿಗಿ. ಹೇಳಿದರೆ ಮುದ್ರೆ ಒತ್ತುತ್ತಾರೆ. ಹೇಳದಿದ್ದರೆ ನಾಳೆ ಬೆಳಗಿನ ವಿಮಾನಕ್ಕೆ ವಾಪಸ್.

“ನಮ್ಮ ಕಡೆಯೂ ಹೇಳುವುದಿಲ್ಲ ಮಾಯಿ” ಎಂದ ಆಮೇಲೆ. “ನನ್ನ ಹೆಂಡತಿ ಒಂದು ಸಲವೂ ನನ್ನ ಹೆಸರು ಹೇಳಲಿಲ್ಲ. ನಾನು ಇಲ್ಲಿದ್ದೆ, ಅವಳು ಅಲ್ಲಿದ್ದಳು. ಹೇಳದೆಯೇ ಹೋದಳು. ನೋಡು, ನನ್ನ ಆಯುಸ್ಸು ಎಷ್ಟು ಗಟ್ಟಿ! ಎಪ್ಪತ್ತಾಯಿತು, ಇನ್ನೂ ಗುಡಿಸುತ್ತಾ ಇದ್ದೀನಿ.”

ಅವನು ನಗುತ್ತಾನೆಂದುಕೊಂಡಳು ಸುವರ್ಣಮ್ಮ. ಅವನು ನಗಲಿಲ್ಲ. ಪೊರಕೆಯ ಕಡ್ಡಿಯೊಂದನ್ನು ಮುರಿದು ನೆಲದ ಮೇಲೆ ಗೀಚುತ್ತಾ ಕೂತಿದ್ದ.

ಅವಳು ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಚಿಕ್ಕಗೌರಮ್ಮನ ಬೋಳು ಹಣೆ ಕಣ್ಣಿಗೆ ಕಟ್ಟಿತು. ಹಿಂದೆಯೇ ಗೋಡೆಯ ಕಡೆ ಮುಖ ಮಾಡಿ ಮಲಗಿದ ಬೆನ್ನೊಂದು ಕಂಡಿತು. ಹದಿನಾಲ್ಕು ವರ್ಷ ಮಾತು ಮಾತಿಗೂ ಎಚ್ಚರ ವಹಿಸಿ ಉಳಿಸಿದ ಆಯುಸ್ಸು ಆ ಗೋಡೆ ನೋಡುವುದಕ್ಕೇನು? ಹೇಳಿದರೆ ಹೋದಾನು. ಹೇಳದೆ ವಾಪಸ್ಸು ಹೋದರೆ ಹೋಗೇ ಹೋಗುತ್ತಾನೆ, ಅದೂ ಒಬ್ಬನೇ. ಯಾವುದು ಪಾಪ ಎಂದು ತೂಗಿ ನೋಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಶಿವನೇ, ಕಡಿಮೆ ಮಾಡೋದಿದ್ರೆ ನನ್ನದರಲ್ಲಿ ಮಾಡು ಎಂದುಕೊಂಡು, ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ ಹೇಳಿದಳು.

ತುಟಿ ಅಲ್ಲಾಡಿತೇ ಹೊರತು ಸದ್ದು ಬರಲಿಲ್ಲ. ಇನ್ನೊಮ್ಮೆ ಎಂದು ಆ ಹೆಂಗಸು ಬೆರಳು ತೋರಿಸಿದಳು. ಸುವರ್ಣಮ್ಮ ಇನ್ನೊಮ್ಮೆ ಹೇಳಿದಳು. ಅರ್ಧಕ್ಕೇ ನಿಂತಿತು. ಕೌಂಟರಿನ ಹುಡುಗ ಅಧಿಕಾರಿಯೂ ಬಂದು ನಿಂತಿದ್ದ. ಮೂರನೇ ಸಲ ಅವನ ಮುಖ ನೋಡಿಕೊಂಡೇ, ಬಿಡಿಸಿ ಬಿಡಿಸಿ ಹೇಳಿದಳು.

“ತೋಂಟದಾರ್ಯ.”

ಅವನು ಪುಟದ ಮೇಲೆ ಬೆರಳಿಟ್ಟು ಹೋಲಿಸಿ ನೋಡಿದ. ತಾನೂ ಹೇಳಲು ನೋಡಿ, ನಾಲಿಗೆ ತೊಡರಿ, ಬಿಟ್ಟುಬಿಟ್ಟ. ಮುದ್ರೆ ಬಿತ್ತು. ಇಷ್ಟೇಯಾ ಎನಿಸಿತು ಸುವರ್ಣಮ್ಮನಿಗೆ. ಸಿಡಿಲು ಬಡಿಯಲಿಲ್ಲ, ನೆಲ ಬಾಯಿಬಿಡಲಿಲ್ಲ. ಮಡಿಲಲ್ಲಿದ್ದ ಎರಡು ಬಾಳೆಹಣ್ಣನ್ನು ಆ ಮುದುಕನಿಗೆ ಕೊಟ್ಟಳು. ಅವನು ಕಣ್ಣಿಗೊತ್ತಿಕೊಂಡು ಜೇಬಿಗೆ ಇಳಿಸಿದ.

ಡ್ರೈವರ್ ಹೋಗಿರಲಿಲ್ಲ. ಅವಳ ಹೆಸರು ಬರೆದ ರಟ್ಟನ್ನು ಎದೆಗೆ ಹಿಡಿದುಕೊಂಡೇ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ. ದಾರಿಯುದ್ದಕ್ಕೂ ಅವಳು ಹೊರಗೆ ನೋಡಲಿಲ್ಲ. ಹೇಳಿ ಎಷ್ಟು ಹೊತ್ತಾಯಿತು ಎಂದು ಎಣಿಸುತ್ತಿದ್ದಳು. ಚಿಕ್ಕಗೌರಮ್ಮನ ಗಂಡನಿಗೆ ನಾಲ್ಕು ತಿಂಗಳು ಸಿಕ್ಕಿತ್ತು, ಅವನು ಗಟ್ಟಿಮುಟ್ಟಾಗಿದ್ದ. ಮೊದಲೇ ಸೋತು ಮಲಗಿದವನಿಗೆ ನಾಲ್ಕು ಗಳಿಗೆ ಸಾಕಲ್ಲ. ಮೂರು ಸಲ ಬೇರೆ ಹೇಳಿದ್ದಳು. ತಾನು ತಲುಪುವಷ್ಟರಲ್ಲಿ ಮಂಚ ಖಾಲಿಯಾಗಿರುತ್ತದೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಆಸ್ಪತ್ರೆಯಲ್ಲಿ ಡ್ರೈವರ್ ಒಂದು ದೊಡ್ಡ ವಾರ್ಡಿನ ಬಾಗಿಲವರೆಗೆ ಬಂದ. ಅಲ್ಲಿಂದ ಮುಂದೆ ಅವನಿಗೂ ಗೊತ್ತಿರಲಿಲ್ಲ. ಆಗ ತಾನೇ ಪಾಳಿ ಬದಲಾಗಿತ್ತು. ಹೊಸದಾಗಿ ಬಂದ ನರ್ಸು ದಪ್ಪ ಪುಸ್ತಕ ತೆರೆದು ಬೆರಳಾಡಿಸಿದಳು, ಇನ್ನೊಂದು ಪುಸ್ತಕ ತರಬೇಕೆಂದು ಸನ್ನೆ ಮಾಡಿದಳು, ಅಲ್ಲಿಯವರೆಗೆ ಕೂತಿರಿ ಎಂದು ಗೋಡೆಯ ಪಕ್ಕದ ಬೆಂಚು ತೋರಿಸಿ ಹೋದಳು.

ಬೆಂಚು! ತುಮಕೂರಿನ ಬೆಂಚು, ಬೆಂಗಳೂರಿನ ಬೆಂಚು, ಕಲ್ಕತ್ತೆಯ ಬೆಂಚು, ಈಗ ಇದೊಂದು. ಸುವರ್ಣಮ್ಮನಿಗೆ ಸಾಕಾಗಿ ಹೋಗಿತ್ತು. ವಾರ್ಡಿನಲ್ಲಿ ಎರಡು ಸಾಲು ಮಂಚ, ನಲವತ್ತಾದರೂ ಇದ್ದಾವು. ಎಲ್ಲರಿಗೂ ಒಂದೇ ಬಣ್ಣದ ಹೊದಿಕೆ. ಒಂದೊಂದೇ ಮುಖ ನೋಡುತ್ತಾ ಹೋಗಿ ಕೊನೆಗೆ ಖಾಲಿ ಮಂಚ ನೋಡುವ ಧೈರ್ಯ ಅವಳಿಗಿರಲಿಲ್ಲ. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಸಂಜೆ ಹೊತ್ತು ಕೆರೆ ಏರಿಯ ಮೇಲೆ ನಿಂತು ತಪ್ಪಿಸಿಕೊಂಡ ಕರುವನ್ನು ಕೂಗುವ ಹಾಗೆ ಕೂಗಿದಳು.

“ತೋಂಟದಾರ್ಯಾ!”

ರೋಗಿಗಳೆಲ್ಲ ತಿರುಗಿ ನೋಡಿದರು. ಯಾರೂ ಓಗೊಡಲಿಲ್ಲ. ಹೋಯಿತು, ನಾನೇ ತಿಂದುಕೊಂಡೆ ಎಂದು ಅವಳ ಎದೆ ಒಡೆಯಿತು. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಇನ್ನೊಮ್ಮೆ ಕೂಗಿದಳು.

“ತೋಂಟದಾರ್ಯಾ!”

ಕಿಟಕಿಯ ಪಕ್ಕದ ಕೊನೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿದ್ದ ಬೆನ್ನೊಂದು ಅಲುಗಿತು. ಮೂರು ತಿಂಗಳಿಂದ ಯಾರ ನಾಲಿಗೆಯಲ್ಲೂ ಸರಿಯಾಗಿ ಹೊರಳದ ಆ ಹೆಸರು ಎಲ್ಲಿಂದ ಬಂತೆಂದು ನೋಡುವುದಕ್ಕೆ ಆ ಬೆನ್ನು ನಿಧಾನವಾಗಿ, ಮುಲುಕುತ್ತಾ, ಪ್ಲಾಸ್ಟರಿನ ಕಾಲನ್ನು ಎಳೆದುಕೊಂಡು ಮಗ್ಗುಲಾಯಿತು. ಗಡ್ಡ ಬೆಳೆದ ಮುಖ. ಮಾತು ಮರೆತ ಗಂಟಲಿನಿಂದ, ತುಕ್ಕು ಹಿಡಿದ ಯಂತ್ರ ತಿರುಗಿಸಿದ ಹಾಗೆ, ದನಿ ಬಂತು.

“ಯಾವಳೇ ಅದು... ನನ್ನ ಹೆಸರಿಡಿದು ಕೂಗೋಳು?”

ಸುವರ್ಣಮ್ಮ ಚೌಕಟ್ಟು ಹಿಡಿದುಕೊಂಡೇ ಹೊಸಿಲ ಮೇಲೆ ಕುಸಿದು ಕೂತಳು.

“ನಾನು ಕಣ್ರೀ” ಎಂದಳು. “ಆವತ್ತು ಹೊಸಿಲಲ್ಲಿ ಹೇಳಬೇಕಾಗಿದ್ದು.”